ರೋಲ್ ನಂಬರ್ 15, ಮಳೆ 40 ಸೆಂಟ್

ನಮ್ಮ ಬಿ.ಎ. ಬ್ಯಾಚಿಗೆ ಐವತ್ತು ವರ್ಷ ತುಂಬಿತು. 1975ರಲ್ಲಿ ಮಡಿಕೇರಿ ಸರ್ಕಾರಿ ಕಾಲೇಜಿನಿಂದ ಹೊರಬಿದ್ದವರು ನಾವು. ಅದಕ್ಕೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಹೆಸರು ಬಂದದ್ದು ಆಮೇಲೆ. ನಾವು ಸೇರುವಾಗ ಇದು ಮೈಸೂರು ರಾಜ್ಯ, ಎರಡನೇ ವರ್ಷಕ್ಕೆ ಬರುವಷ್ಟರಲ್ಲಿ ಕರ್ನಾಟಕ. ಮಾರ್ಕ್ಸ್ ಕಾರ್ಡಿನಲ್ಲಿ ಮೈಸೂರು ವಿಶ್ವವಿದ್ಯಾನಿಲಯ. ಮಂಗಳೂರು ವಿಶ್ವವಿದ್ಯಾನಿಲಯ ಹುಟ್ಟಲು ಇನ್ನೂ 5 ವರ್ಷ ಬಾಕಿ ಇತ್ತು. ಅಷ್ಟು ಹಳಬರು.

ಈಗ ಗ್ರೂಪಿನಲ್ಲಿ ಸುವರ್ಣ ಮಹೋತ್ಸವದ ಗಲಾಟೆ. ಒಂದು ರೆಸಾರ್ಟು, ಒಂದು ರಾತ್ರಿ, ಕ್ಯಾಂಪ್ ಫೈರ್, ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು, ಮೇಲಿನಿಂದ ಫೋಟೋ ತೆಗೆಯಲು ಡ್ರೋನು. ತಲೆಗೆ 7 ಸಾವಿರ. ಎಪ್ಪತ್ತು ದಾಟಿದ ಬೋಳು ತಲೆಗಳನ್ನು ಮೇಲಿನಿಂದ ಯಾಕೆ ತೆಗೆಯಬೇಕೋ ಗೊತ್ತಿಲ್ಲ. ಇರಲಿ. ನಾನು ಒಂದೇ ಮಾತು ಬರೆದೆ: "ದುಡ್ಡು ಕೊಡ್ತೇನೆ, ಬರ್ತೇನೆ. ಆದರೆ ಮೊದಲು ಎಲ್ಲರೂ ಹಾಜರಿ ಹಾಕಲು ಮತ್ತೆ ಶುರು ಮಾಡಿ." ಅದಕ್ಕೆ ಒಬ್ಬ ಹೇಳಿದ, "ಕೊರೊನಾ ಮುಗಿದು ಎಷ್ಟು ವರ್ಷ ಆಯ್ತು, ಇನ್ನೂ ಎಂತ ಹಾಜರಿ ಮಾರಾಯ?"

ಗ್ರೂಪಿನಲ್ಲಿ ಉದ್ದ ಬರೆದರೆ ಯಾರೂ ಓದಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಹಾಕಿದರೆ ಬೈಯುತ್ತಾರೆ, ರೋಲ್ ನಂಬರ್ ಹಾಕುತ್ತೇನೆ. ನನ್ನದು 15.

2020ರ ಮಾರ್ಚ್ 19ಕ್ಕೆ ಕೊಡಗಿನ ಮೊದಲ ಕೇಸು ಬಂತು. 25ರಿಂದ ದೇಶಕ್ಕೇ ಬೀಗ. ಆಗ ನಮ್ಮ ಗ್ರೂಪಿನಲ್ಲಿ 24 ಜನ ಇದ್ದೆವು, ದಿನಕ್ಕೆ ಇನ್ನೂರು ಮುನ್ನೂರು ಮೆಸೇಜು. ಒಂದರಲ್ಲೂ ಯಾರು ಹೇಗಿದ್ದಾರೆ ಅಂತ ಇಲ್ಲ. ಎಲ್ಲ ಫಾರ್ವರ್ಡು. ಶುಂಠಿ, ಅರಿಶಿನ, ಬಿಸಿನೀರು, ಕಾಳುಮೆಣಸಿನ ಕಷಾಯ ಕುಡಿದರೆ ಕೊರೊನಾ ಹತ್ತಿರ ಬರಲ್ಲ ಅಂತ. ಮೆಣಸಿಗೆ ಹೆದರುವ ರೋಗ ಆಗಿದ್ದರೆ ಕೊಡಗಿನ ಗಡಿಯಲ್ಲೇ ವಾಪಸ್ ಹೋಗಬೇಕಿತ್ತು, ಅಲ್ವಾ? ಏಪ್ರಿಲ್‌ನಲ್ಲಿ ವಾಟ್ಸಾಪ್‌ನವರೇ ಬೇಸತ್ತು, ತುಂಬ ಸಲ ಫಾರ್ವರ್ಡ್ ಆದ ಮೆಸೇಜನ್ನು ಒಂದು ಸಲಕ್ಕೆ ಒಂದೇ ಕಡೆ ಕಳಿಸುವ ಹಾಗೆ ಮಾಡಿದರು. ನಮ್ಮವರು ಒಂದೊಂದಾಗಿ ಕಳಿಸಿದರು. ಸಮಯ ಬೇಕಾದಷ್ಟಿತ್ತು.

ಮಧ್ಯದಲ್ಲಿ ಒಂದು ದೊಡ್ಡ ಜಗಳವೂ ಆಯಿತು. ಯಾವ ವಿಷಯಕ್ಕೆ ಅಂತ ಹೇಳಲ್ಲ, ಕೊಡಗಿನವರಿಗೆ ಹೇಳಬೇಕಾಗಿಯೂ ಇಲ್ಲ. ಇಬ್ಬರು ಗ್ರೂಪ್ ಬಿಟ್ಟು ಹೋದರು.

ಆವಾಗ 22 ಒಂದು ಕೆಲಸ ಮಾಡಿದಳು. ಅವಳು ಕುಶಾಲನಗರದಲ್ಲಿ ಇರುವವಳು, ಟೀಚರ್ ಆಗಿ ರಿಟೈರ್ ಆದವಳು. ಮೂವತ್ತು ವರ್ಷ ಹಾಜರಿ ಕೂಗಿದ ಗಂಟಲು. ಸಂಜೆ 7 ಗಂಟೆಗೆ ಸರಿಯಾಗಿ ಬರೆದಳು: "ಹಾಜರಿ. ರೋಲ್ ನಂಬರ್ ಮಾತ್ರ ಬರೆಯಿರಿ. ಬೇರೇನೂ ಬೇಡ." ಎಲ್ಲರಿಗೂ ನಂಬರ್ ನೆನಪಿತ್ತು! ಆಧಾರ್ ಬಿಡಿ, ಸ್ವಂತ ಮೊಬೈಲ್ ನಂಬರ್ ಹೇಳಲು ತಡವರಿಸುವವರೂ ಅರ್ಧ ನಿಮಿಷದಲ್ಲಿ ಬರೆದರು. 3. 8. 9. 27. ಬಿಟ್ಟು ಹೋಗಿದ್ದ ಇಬ್ಬರು ಸುದ್ದಿ ಕೇಳಿ ವಾಪಸ್ ಬಂದರು. ಜಗಳ ಬಿಟ್ಟಿರಲಿಲ್ಲ, ಆದರೆ ಆಬ್ಸೆಂಟ್ ಹಾಕಿಸಿಕೊಳ್ಳುವುದು ಅವರಿಗೆ ಆಗಲಿಲ್ಲ.

ಎರಡನೇ ವಾರದಲ್ಲಿ ಅದಕ್ಕೆ ಮಳೆ ಸೇರಿಕೊಂಡಿತು. ತೋಟ ಇರುವವರ ಮನೆಯಲ್ಲಿ ಮಳೆ ಅಳೆಯುವ ಡಬ್ಬ ಇದ್ದೇ ಇರುತ್ತದೆ. ನಮ್ಮ ಲೆಕ್ಕ ಈಗಲೂ ಇಂಚು, ಸೆಂಟು; ನೂರು ಸೆಂಟಿಗೆ ಒಂದು ಇಂಚು. ಕಾಫಿ ಹೂ ಬಿಡಿಸುವ ಹೂಮಳೆಯ ಕಾಲ ಬೇರೆ. ಮೂರ್ನಾಡಿನಲ್ಲಿ ನನ್ನ ತೋಟಕ್ಕೆ 40 ಸೆಂಟ್ ಬಿದ್ದರೆ ಸಿದ್ದಾಪುರದವನಿಗೆ 1 ಇಂಚು 10 ಸೆಂಟ್. ಅವನ ಹೊಟ್ಟೆ ತಣ್ಣಗೆ, ನನ್ನ ಹೊಟ್ಟೆ ಬಿಸಿ. "15, ಮಳೆ 40 ಸೆಂಟ್." ಇಷ್ಟೇ. ಬೆಂಗಳೂರಿನಲ್ಲಿ ಇರುವವರಿಗೆ ಡಬ್ಬ ಇಲ್ಲವಲ್ಲ, ಪಾಪ, "ಇಲ್ಲಿ ಮೋಡ" ಅಂತ ಬರೆಯುತ್ತಿದ್ದರು. ಕೇರಳದ ಇರಿಟ್ಟಿಯಲ್ಲಿರುವ 8 ಮಾತ್ರ ದಿನಾ "ಸೆಕೆ" ಅಂತ. ವಿರಾಜಪೇಟೆಯಿಂದ ಘಾಟಿ ಇಳಿದರೆ ಅವನ ಮನೆ. ಗಡಿಯಲ್ಲಿ ಮಾಕುಟ್ಟದ ರಸ್ತೆಗೆ ಮಣ್ಣು ಸುರಿದು ಮುಚ್ಚಿದ್ದರು. ಒಂದೂವರೆ ಗಂಟೆಯ ದಾರಿ ಬೇರೆ ದೇಶದ ಹಾಗೆ ಆಯಿತು.

ವಿಡಿಯೋ ಕಾಲ್ ಪ್ರಯತ್ನ ಮಾಡಲಿಲ್ಲ ಅಂತ ಅಲ್ಲ. ಮಕ್ಕಳು ಝೂಮ್ ಹಾಕಿಕೊಟ್ಟರು. ಪುಕ್ಕಟೆಯಾಗಿ ಸಿಗುವುದೇ 40 ನಿಮಿಷ. ಅದರಲ್ಲಿ ಅರ್ಧ "ಕೇಳ್ತಾ ಉಂಟಾ?" ಅನ್ನುವುದಕ್ಕೆ ಹೋಯಿತು. ನೆಟ್‌ವರ್ಕ್‌ಗಾಗಿ ಕಾಫಿ ಕಣದ ಮೂಲೆಗೆ ಹೋಗಿ ಕೊಡೆ ಹಿಡಿದು ನಿಂತವರು ಇದ್ದರು. ಶನಿವಾರಸಂತೆ ಕಡೆ ಒಬ್ಬರು ಮೇಷ್ಟ್ರು ಸಿಗ್ನಲ್‌ಗೋಸ್ಕರ ಮರದ ಮೇಲೆ ಅಟ್ಟಣಿಗೆ ಕಟ್ಟಿ ಪಾಠ ಮಾಡಿದ್ದು ನಿಮಗೂ ನೆನಪಿರಬಹುದು. ನಮಗೆ ಮರ ಹತ್ತುವ ವಯಸ್ಸಲ್ಲ. ಎರಡು ಸಲ ಆದ ಮೇಲೆ ಝೂಮ್ ನಿಂತಿತು. ಹಾಜರಿ ನಿಲ್ಲಲಿಲ್ಲ. ಅದಕ್ಕೆ ಒಂದು ಗೆರೆ ಸಿಗ್ನಲ್ ಸಾಕು.

ಅದರ ಬೆಲೆ ಗೊತ್ತಾದದ್ದು ಆಗಸ್ಟ್‌ನಲ್ಲಿ. ತಲಕಾವೇರಿಯಲ್ಲಿ ಬ್ರಹ್ಮಗಿರಿ ಬೆಟ್ಟ ಜರಿದು ಅರ್ಚಕರ ಮನೆಯೇ ಕೊಚ್ಚಿ ಹೋದ ವಾರ. 9ರ ಮನೆ ಭಾಗಮಂಡಲದ ಕಡೆ. ಆ ಸಂಜೆ 9 ಬರಲಿಲ್ಲ. ಮಾರನೇ ದಿನವೂ ಇಲ್ಲ. ಫೋನ್ ಸ್ವಿಚ್ ಆಫ್, ಕರೆಂಟಿಲ್ಲ, ರಸ್ತೆ ನೀರಿನಲ್ಲಿ. 2018ರಲ್ಲಿ ಗುಡ್ಡ ಕುಸಿದದ್ದನ್ನು ಕಂಡವರು ನಾವು, ತಲೆ ಎಲ್ಲೆಲ್ಲೋ ಹೋಗುತ್ತದೆ. 22 ದಿನಾ 7 ಗಂಟೆಗೆ "9?" ಅಂತ ಬರೆದು ಸುಮ್ಮನಾಗುತ್ತಿದ್ದಳು. ನಾಲ್ಕನೇ ದಿನ ರಾತ್ರಿ ಹತ್ತಕ್ಕೆ ಬಂತು: "9, 9, 9, 9. ನಾಲ್ಕು ದಿನದ್ದು ಒಟ್ಟಿಗೆ. ಡಬ್ಬ ತುಂಬಿ ಹರಿದಿದೆ, ಮಳೆ ಲೆಕ್ಕ ಕೇಳಬೇಡಿ." ನಾನು ಎದ್ದು ಹೋಗಿ ಹೆಂಡತಿಗೆ ತೋರಿಸಿದೆ. ಅವಳು ಅವನ ಮುಖವನ್ನೇ ನೋಡಿದವಳಲ್ಲ. "ಅಯ್ಯೋ, ಬಂದ್ರಾ?" ಅಂದಳು.

31 ಹೋದದ್ದೂ ಆ ವರ್ಷವೇ. ಕೊರೊನಾ ಅಲ್ಲ, ಹಾರ್ಟು. ಕೊಡವರ ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸುತ್ತಾರೆ, ಅದೇ ಊರಿಗೆ ಸುದ್ದಿ. ಅಕ್ಕಪಕ್ಕದ ತೋಟದವರಿಗೆ ಕೇಳಿಸಿತು, ನಮ್ಮವರಲ್ಲಿ ಕೇಳಿಸುವಷ್ಟು ಹತ್ತಿರ ಯಾರೂ ಇರಲಿಲ್ಲ. ಆಗ ಸಾವಿಗೆ 20 ಜನಕ್ಕಿಂತ ಜಾಸ್ತಿ ಸೇರುವ ಹಾಗಿರಲಿಲ್ಲ. ಅವರ ಮನೆಯವರೇ 20ಕ್ಕಿಂತ ಜಾಸ್ತಿ. ಯಾರೂ ಹೋಗಲಿಲ್ಲ. ಆ ಸಂಜೆ 30 ಬರೆದ ಮೇಲೆ 32 ತುಂಬ ಹೊತ್ತು ಬರೆಯಲೇ ಇಲ್ಲ.

ಇನ್ನು 14ರ ಕಥೆ. ಕಾಲೇಜಿನಲ್ಲಿ ಅವನ ಪ್ರಾಕ್ಸಿ ಹೇಳುತ್ತಿದ್ದವನು ನಾನೇ. ಅವನು ಸಂತೆ ದಿನ ಕ್ಲಾಸಿಗೆ ಬಂದ ದಾಖಲೆ ಇಲ್ಲ. ನಾನು ದನಿ ಬದಲಿಸಿ ಒಂದು ಸಲ "ಪ್ರೆಸೆಂಟ್ ಸರ್", ಮತ್ತೆ ನನ್ನ ದನಿಯಲ್ಲಿ ಇನ್ನೊಂದು ಸಲ. ಹಾಗೆ ಅವನಿಗೆ ಶಾರ್ಟೇಜ್ ಆಗಲಿಲ್ಲ. 2021ರ ಮಾರ್ಚ್‌ನಲ್ಲಿ 60 ದಾಟಿದವರಿಗೆ ಲಸಿಕೆ ಶುರುವಾದಾಗ ಅವನು "ನೋಡುವ" ಅಂದ. ನೋಡುತ್ತಾ ಕೂತ. ಮೇ ತಿಂಗಳಲ್ಲಿ ಆಸ್ಪತ್ರೆ ಸೇರಿದ, ಆಕ್ಸಿಜನ್ ಹಾಕಿದರು. ಅವನ ಮಗಳು ನನಗೆ ಮಾತ್ರ ಫೋನ್ ಮಾಡಿ, "ಅಂಕಲ್, ಗ್ರೂಪಿನಲ್ಲಿ ಹೇಳಬೇಡಿ, ಎಲ್ಲರೂ ಫೋನ್ ಮಾಡಿದರೆ ಅಮ್ಮ ಹೆದರ್ತಾರೆ" ಅಂದಳು. ಆ ಸಂಜೆ 7 ಗಂಟೆಗೆ ನಾನು "15" ಬರೆದೆ. ಸ್ವಲ್ಪ ಹೊತ್ತು ಬಿಟ್ಟು "14" ಅಂತಲೂ ಬರೆದೆ, ನನ್ನದೇ ಫೋನಿನಿಂದ. ಎಲ್ಲರಿಗೂ ಅರ್ಥವಾಯಿತು. ಒಬ್ಬರೂ ಏನೂ ಕೇಳಲಿಲ್ಲ. 22 ಕೂಡ ಕೇಳಲಿಲ್ಲ, ಪ್ರಾಕ್ಸಿ ಅಂದರೆ ಉರಿದು ಬೀಳುವವಳು. ಒಂಬತ್ತು ದಿನ ಹಾಗೇ ಹೋಯಿತು. ಹತ್ತನೇ ದಿನ ಅವನ ಫೋನಿನಿಂದ ಬಂತು: "14. ಸಾಕು ಮಾರಾಯ, ಇನ್ನು ನಾನೇ ಹಾಕ್ತೇನೆ."

ಆಮೇಲೆ ಮಾಸ್ಕ್ ಹೋಯಿತು. ಮದುವೆ, ಹುತ್ತರಿ, ಎಲ್ಲ ಮೊದಲಿನ ಹಾಗೆ. ಹಾಜರಿ 23 ಜನರಿಂದ 15 ಜನಕ್ಕೆ ಬಂತು, ಒಂಬತ್ತಕ್ಕೆ ಬಂತು. "ಬ್ಯುಸಿ" ಅಂದರು. ಗುಡ್ ಮಾರ್ನಿಂಗ್ ಹೂವಿನ ಫೋಟೋ ಮಾತ್ರ ತಪ್ಪಲಿಲ್ಲ.

ನನ್ನ ತಕರಾರು ಇಷ್ಟೇ. ಕೊರೊನಾ ಕಾಲದಲ್ಲಿ ನಾವು ಒಂಟಿ ಇದ್ದೆವು ಅಂತ ಎಲ್ಲರೂ ಹೇಳುತ್ತಾರೆ. ಸುಳ್ಳು. ನನ್ನ ಮನೆ ಅಷ್ಟು ತುಂಬಿದ್ದು ಹಿಂದೆ ಮುಂದೆ ಇಲ್ಲ. ಮಗ, ಸೊಸೆ, ಮೊಮ್ಮಗಳು ಬೆಂಗಳೂರಿನಿಂದ ಬಂದು ಒಂದು ವರ್ಷ ಇಲ್ಲೇ ಇದ್ದರು. ಪಡಸಾಲೆಯಲ್ಲಿ ಆಫೀಸು, ಅಡುಗೆಮನೆ ಪಕ್ಕ ಆನ್‌ಲೈನ್ ಕ್ಲಾಸು. ಹೆಚ್ಚಿನವರ ಮನೆಯಲ್ಲಿ ಹಾಗೇ. ರಾತ್ರಿ ಜಾರಿ ಬಿದ್ದರೆ ಎತ್ತಲು ಜನ ಇದ್ದರು. ಈಗ? ಆರು ಕೋಣೆಯ ಮನೆಯಲ್ಲಿ ನಾವಿಬ್ಬರು. 27 ಒಬ್ಬಳೇ, ನಾಯಿ ಜೊತೆ. 3ರ ಮಕ್ಕಳಿಬ್ಬರೂ ಹೊರದೇಶ. ಜೂನ್‌ನಲ್ಲಿ ಮಳೆ ಹಿಡಿದರೆ ತೋಟದ ಲೈನ್ ಮನೆಯ ಕೂಲಿಯವರೂ ಕೆಲಸಕ್ಕೆ ಬರದ ದಿನ ಇರುತ್ತದೆ, ಗೇಟಿನ ಹತ್ತಿರ ಒಂದು ಮುಖ ಕಾಣಲ್ಲ. ಹಾಜರಿ ಬೇಕಾದದ್ದು ಆಗ ಅಲ್ಲ, ಈಗ. ರೆಸಾರ್ಟಿನಲ್ಲಿ ಒಂದು ರಾತ್ರಿ ಅಪ್ಪಿಕೊಂಡು ಫೋಟೋ ತೆಗೆಸಿಕೊಂಡು, ಮಾರನೇ ದಿನದಿಂದ ಯಾರು ಎದ್ದರು ಯಾರು ಬಿದ್ದರು ಗೊತ್ತಿಲ್ಲದೆ ಇರುವುದಕ್ಕೆ 7 ಸಾವಿರ ಯಾಕೆ?

ಟೀ ಶರ್ಟ್ ಸೈಜ್ ಕಳಿಸಿದ್ದೇನೆ, ಎಕ್ಸೆಲ್. ಮುನಿಸಿಲ್ಲ.

ನಿನ್ನೆ ಸಂಜೆ 7 ಗಂಟೆಗೆ 22 ಎಂದಿನ ಹಾಗೆ "ಹಾಜರಿ" ಅಂತ ಬರೆದಳು. ಐದು ಜನ ಬಂದೆವು. 14 ಕಾಣಲಿಲ್ಲ. ಎಂಟೂವರೆವರೆಗೆ ನೋಡಿ ಫೋನ್ ಮಾಡಿದೆ. ಹಿಂದೆ ವಾಲಗದ ಶಬ್ದ. "ಮದುವೆಯಲ್ಲಿದ್ದೇನೆ ಮಾರಾಯ, ಊಟಕ್ಕೆ ಕೂತಿದ್ದೇನೆ, ಕೈ ಎಲ್ಲ ಪಂದಿ ಕರಿ. ನೀನೇ ಹಾಕಿಬಿಡು" ಅಂದ.

ಹಾಕಿದೆ. 14, ಮಳೆ ಇಲ್ಲ.