ಲೆಹರಾ ಹಿಡಿದವರು ಇಬ್ಬರು

ಡ್ರಮ್ಮರ್ ಎಂದರೆ ಕಾರ್ಯಕ್ರಮದ ಕೊನೆಗೆ ಹತ್ತು ನಿಮಿಷ ಗುಡುಗಿ, ಕೋಲನ್ನು ಬೆರಳಲ್ಲಿ ಗಿರಗಿರ ತಿರುಗಿಸಿ ಚಪ್ಪಾಳೆ ಗಿಟ್ಟಿಸುವವನು ಎಂದೇ ನಾನೂ ತಿಳಿದಿದ್ದೆ. ವೇಗಕ್ಕೆ ಬೆರಗಾಗುವುದು ತಪ್ಪೇನಲ್ಲ. ಕಚೇರಿಯಲ್ಲಿ ಮೃದಂಗದವರು ತಾವೇ ನುಡಿಸುವ ತನಿ ಆವರ್ತನಕ್ಕೆ ಎಷ್ಟೋ ಮಂದಿ ಕಾಯುವುದು ಅದಕ್ಕೇ. (ಆ ಹೊತ್ತಿಗೆ ಸರಿಯಾಗಿ ಕಾಫಿಗೆ ಎದ್ದು ಹೋಗುವವರ ವಿಷಯ ಬೇಡ.) ನನ್ನ ತಿಳಿವಳಿಕೆಯನ್ನು ತಲೆಕೆಳಗು ಮಾಡಿದವನು ಅಮೆರಿಕದ ಜಾಜ್ ಡ್ರಮ್ಮರ್ ಟೋನಿ ವಿಲಿಯಮ್ಸ್.

ಷಿಕಾಗೋದಲ್ಲಿ 1945ರಲ್ಲಿ ಹುಟ್ಟಿ, ಬಾಸ್ಟನ್ನಿನಲ್ಲಿ ಬೆಳೆದವನು. 1963ರಲ್ಲಿ ಹೆಸರಾಂತ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ತನ್ನ ತಂಡಕ್ಕೆ ಕರೆದುಕೊಂಡಾಗ ಅವನಿಗೆ 17 ವರ್ಷ. ಆ ತಂಡ 1967ರ ಜೂನ್‌ನಲ್ಲಿ ‘ನೆಫರ್ಟಿಟಿ’ ಎಂಬ ಕೃತಿಯನ್ನು ಧ್ವನಿಮುದ್ರಿಸಿತು. ರಚನೆ ಸ್ಯಾಕ್ಸೊಫೋನ್ ನುಡಿಸುತ್ತಿದ್ದ ವೇಯ್ನ್ ಶಾರ್ಟರ್‌ದು.

ಜಾಜ್‌ನಲ್ಲಿ ಸಾಮಾನ್ಯವಾಗಿ ಮೊದಲು ಮಟ್ಟನ್ನು ನುಡಿಸಿ, ನಂತರ ಒಬ್ಬೊಬ್ಬರೇ ಅದನ್ನು ಬೆಳೆಸುತ್ತಾರೆ. ಇಲ್ಲಿ ಹಾಗಿಲ್ಲ. ಹೆಚ್ಚುಕಡಿಮೆ ಎಂಟು ನಿಮಿಷ ಟ್ರಂಪೆಟ್ಟೂ ಸ್ಯಾಕ್ಸೊಫೋನೂ ಅದೇ ಮಟ್ಟನ್ನು ಮತ್ತೆ ಮತ್ತೆ ನುಡಿಸುತ್ತವೆ. ಕೆಲವು ಸಲ ಒಂದರ ಹಿಂದೆ ಇನ್ನೊಂದು ತುಸು ತಡವಾಗಿ, ನೆರಳಿನಂತೆ. ಕದಲುವುದೆಲ್ಲ ಕೆಳಗೆ: ಹರ್ಬಿ ಹ್ಯಾನ್‌ಕಾಕ್‌ನ ಪಿಯಾನೋ, ರಾನ್ ಕಾರ್ಟರ್‌ನ ಬಾಸ್, ಎಲ್ಲಕ್ಕಿಂತ ಹೆಚ್ಚಾಗಿ ಟೋನಿಯ ಡ್ರಮ್ಸ್. ಸಿಂಬಲ್ ಮೇಲೆ ಕೋಲಿನ ತುದಿ ತಾಗಿಸಿ ಮೆಲ್ಲನೆ ಹೊರಡುತ್ತಾನೆ. ಬರಬರುತ್ತ ಅಲೆ ಏಳುತ್ತದೆ. ಇನ್ನೇನು ಮಟ್ಟನ್ನೇ ಮುಳುಗಿಸಿಬಿಡುತ್ತಾನೆ ಎನ್ನುವಾಗ ಕೈ ಹಿಂದಕ್ಕೆಳೆದುಕೊಳ್ಳುತ್ತಾನೆ. ಹೀಗೆ ಹಿಂದೆಗೆಯುವುದನ್ನು ನಾನು ಅವನ ಯಾವ ಉರುಳಿಕೆಗಿಂತಲೂ ಹೆಚ್ಚು ಮೆಚ್ಚುತ್ತೇನೆ. ಆಗ ಅವನಿಗೆ 21 ವರ್ಷ. ಆ ವಯಸ್ಸಿನಲ್ಲಿ ಕೈಗೆ ವೇಗ ಬರುವುದು ಕಂಡಿದ್ದೇನೆ. ಇಂಥ ತಾಳ್ಮೆ ಎಲ್ಲಿಂದ ಬಂತು?

ಧಾರವಾಡದಲ್ಲಿ ತಬಲಾ ಕಲಿಸುವ ನನ್ನ ಸೋದರಮಾವನಿಗೆ ಕಳೆದ ತಿಂಗಳು ಇದನ್ನು ಕೇಳಿಸಿದೆ. ಜಾಜ್ ಅವರಿಗೆ ಗದ್ದಲ. ಎರಡು ನಿಮಿಷ ಸುಮ್ಮನಿದ್ದವರು, “ಲೆಹರಾ ಹಿಡಿದ ಇಬ್ಬರೂ ಚೆನ್ನಾಗಿ ಹಿಡಿದಿದ್ದಾರೆ” ಎಂದರು. ತಬಲಾ ಸೋಲೋ ನಡೆಯುವಾಗ ತಾಳದ ಲೆಕ್ಕಕ್ಕೆಂದು ಮತ್ತೆ ಮತ್ತೆ ನುಡಿಸುವ ಒಂದೇ ಮಟ್ಟು ಲೆಹರಾ. ನನಗೆ ನಗು ಬಂತು. ಮೈಲ್ಸ್ ಡೇವಿಸ್‌ನಂಥವನನ್ನು ತಬಲಾ ಸೋಲೋಗೆ ಹಾರ್ಮೋನಿಯಂ ಒತ್ತುವವನ ಜಾಗದಲ್ಲಿ ಕೂರಿಸಿದ್ದರು! ಆದರೆ ನಾನು ವರ್ಷಗಟ್ಟಲೆ ಕೇಳಿ ಕಂಡುಕೊಂಡದ್ದೂ ಅದನ್ನೇ. ಒಂದು ವ್ಯತ್ಯಾಸವಿದೆ: ಲೆಹರಾ ಸಮ್, ಅಂದರೆ ತಾಳದ ಮೊದಲ ಪೆಟ್ಟು, ತೋರಿಸಲು ಕಡ್ಡಿ ಮುರಿದಂತೆ ನೇರವಾಗಿರಬೇಕು, ಇಲ್ಲಿ ಮಟ್ಟು ತಾನೂ ಸ್ವಲ್ಪ ತೇಲುತ್ತದೆ. ಅದನ್ನು ಹೇಳಹೊರಟೆ, ಕೈಯೆತ್ತಿ ತಡೆದರು. ತೊಡೆಯ ಮೇಲೆ ಬೆರಳು ಎಣಿಸುತ್ತಿತ್ತು.

ಮುಗಿದ ಮೇಲೆ ಅವರು ಕೇಳಿದ್ದು, “ಹುಡುಗನ ಗುರು ಯಾರೋ?”

“ಅಲನ್ ಡಾಸನ್ ಅಂತ, ಬಾಸ್ಟನ್ನಿನವರು. ಶಿಷ್ಯರು ಡ್ರಮ್ಸ್ ಅಭ್ಯಾಸ ಮಾಡುವಾಗ ಹಾಡಿನ ಮಟ್ಟನ್ನೂ ಬಾಯಲ್ಲಿ ಹಾಡುತ್ತಲೇ ಇರಬೇಕಿತ್ತಂತೆ.”

“ಮತ್ತೆ ಅದನ್ನು ಮೊದಲೇ ಹೇಳಬಾರದೇ?” ಎಂದು ಮಾಮಾ ಮೊಬೈಲನ್ನು ನನ್ನ ಕಡೆ ತಳ್ಳಿದರು. “ಮೊದಲಿನಿಂದ ಹಾಕು.”