ನೀತಿ ಸಂಹಿತೆಗೆ ತಲೆಬಾಗುವ ಕಚ್ಚಾ ತೈಲ

2024ರ ಲೋಕಸಭೆ ಚುನಾವಣೆಯ ಫಲಿತಾಂಶ ಬಂದದ್ದು ಜೂನ್ 4ಕ್ಕೆ. ರಾಜ್ಯದಲ್ಲಿ ಪೆಟ್ರೋಲ್ ಮೂರು ರೂಪಾಯಿ, ಡೀಸೆಲ್ ಮೂರೂವರೆ ರೂಪಾಯಿ ಏರಿದ್ದು ಜೂನ್ 15ಕ್ಕೆ. ಎಣಿಸಿದರೆ ಸರಿಯಾಗಿ ಹನ್ನೊಂದು ದಿನ. ಮತದಾರನ ಹನ್ನೊಂದನೆಯ ದಿನದ ಕಾರ್ಯವನ್ನು ಸರ್ಕಾರ ಶಾಸ್ತ್ರೋಕ್ತವಾಗಿ ಮುಗಿಸಿತು. ಇಷ್ಟು ಶ್ರದ್ಧೆ ಬೇರೆ ಯಾವ ಕೆಲಸದಲ್ಲೂ ಕಂಡದ್ದಿಲ್ಲ.

ಬೆಂಗಳೂರಿನಲ್ಲಿ ಲೀಟರ್ ಪೆಟ್ರೋಲಿಗೆ 99 ರೂಪಾಯಿ 84 ಪೈಸೆ ಇದ್ದದ್ದು ಅಂದು 102 ರೂಪಾಯಿ 86 ಪೈಸೆ ಆಯಿತು. ಈ 86 ಪೈಸೆಯ ಬಗ್ಗೆ ನನಗೆ ವಿಶೇಷ ಗೌರವವಿದೆ. ನಾಲ್ಕಾಣೆ 2011ರಲ್ಲೇ ತೀರಿಕೊಂಡಿತು. ಎಂಟಾಣೆ ಕಾನೂನಿನ ಪ್ರಕಾರ ಬದುಕಿದ್ದರೂ ಅದನ್ನು ಕೊಟ್ಟರೆ ತರಕಾರಿಯವಳು ನಮ್ಮ ಮುಖವನ್ನೇ ತಿರುಗಿಸಿ ನೋಡುತ್ತಾಳೆ. ಇಡೀ ದೇಶದಲ್ಲಿ ಒಂದೊಂದು ಪೈಸೆಗೂ ಲೆಕ್ಕವಿಟ್ಟು ಮರ್ಯಾದೆ ಕೊಡುವ ಜಾಗವೆಂದರೆ ಪೆಟ್ರೋಲ್ ಬಂಕ್ ಒಂದೇ. ‘ಸೊನ್ನೆ ನೋಡಿಕೊಳ್ಳಿ ಸಾರ್’ ಎಂದು ಹುಡುಗ ಬೆರಳು ತೋರಿಸುತ್ತಾನೆ. ನಾವೂ ಭಕ್ತಿಯಿಂದ ಸೊನ್ನೆಯನ್ನೇ ನೋಡುತ್ತೇವೆ. ಅದರ ಪಕ್ಕದ ಕಿಂಡಿಯಲ್ಲಿ ದರ ಮಿನುಗುತ್ತಿರುತ್ತದೆ. ಅದನ್ನು ನೋಡಿಕೊಳ್ಳಿ ಎಂದು ಯಾರೂ ಹೇಳುವುದಿಲ್ಲ.

ಆ ದರ ಹುಟ್ಟುವ ಬಗೆ ಇನ್ನೂ ಸೊಗಸು. ಕೇಂದ್ರ ಮೊದಲು ಅಬಕಾರಿ ಸುಂಕ ಹಾಕುತ್ತದೆ, 2024ರಲ್ಲಿ ಅದು ಲೀಟರ್ ಪೆಟ್ರೋಲಿಗೆ 19 ರೂಪಾಯಿ 90 ಪೈಸೆ ಇತ್ತು. ಆ ಸುಂಕವೂ ಸೇರಿದ ಮೊತ್ತದ ಮೇಲೆ ರಾಜ್ಯ ತನ್ನ ಮಾರಾಟ ತೆರಿಗೆ ಹಾಕುತ್ತದೆ. ಅಂದರೆ ನಾವು ಕಟ್ಟುವ ತೆರಿಗೆಗೂ ತೆರಿಗೆ ಕಟ್ಟುತ್ತೇವೆ. ಈ ಮಾರಾಟ ತೆರಿಗೆ ಶೇ 25.92ರಿಂದ 29.84ಕ್ಕೆ ಏರಿದ್ದೇ ಆ ಜೂನ್‌ನ ಪ್ರಸಾದ. ಕೇಳಿದರೆ, ಮಹಾರಾಷ್ಟ್ರಕ್ಕಿಂತ ನಮ್ಮಲ್ಲಿ ಕಡಿಮೆ ಎಂದರು. ಪಕ್ಕದ ಮನೆಯವನ ಜೇಬು ಹೆಚ್ಚು ಹರಿದಿದೆ ಎಂಬ ಸಮಾಧಾನದಲ್ಲಿ ಗಾಡಿ ಓಡಿಸಬೇಕಂತೆ.

ಕೇಂದ್ರವೇನೂ ಕಡಿಮೆಯಿಲ್ಲ. ಪೆಟ್ರೋಲ್ ಬೆಲೆಯನ್ನು 2010ರಲ್ಲಿ, ಡೀಸೆಲ್ ಬೆಲೆಯನ್ನು 2014ರಲ್ಲಿ ಮಾರುಕಟ್ಟೆಯ ಕೈಗೆ ಒಪ್ಪಿಸಿದ್ದಾಯಿತು. 2017ರಿಂದ ದಿನಾ ಬೆಳಿಗ್ಗೆ ಆರಕ್ಕೆ ಪರಿಷ್ಕರಣೆ. ಮಾರುಕಟ್ಟೆ ಯಾರ ಮಾತನ್ನೂ ಕೇಳುವುದಿಲ್ಲವಂತೆ, ಚುನಾವಣಾ ಆಯೋಗದ್ದನ್ನು ಬಿಟ್ಟು. 2018ರಲ್ಲಿ ನಮ್ಮ ವಿಧಾನಸಭೆಗೆ ಮತದಾನವಾಗುವವರೆಗೆ ಬೆಲೆ ಹತ್ತೊಂಬತ್ತು ದಿನ ಉಸಿರು ಬಿಗಿಹಿಡಿದು ನಿಂತಿತ್ತು. ಉತ್ತರ ಪ್ರದೇಶದ ಚುನಾವಣೆಯ ಹೊತ್ತಿಗೆ, ಉಕ್ರೇನ್‌ನಲ್ಲಿ ಯುದ್ಧ ಶುರುವಾಗಿ ಬ್ಯಾರೆಲ್ ನೂರು ಡಾಲರ್ ದಾಟಿದರೂ ನಮ್ಮ ಬಂಕಿನ ಅಂಕಿ ಅಲುಗಾಡಲಿಲ್ಲ. 2022ರ ಮಾರ್ಚ್ 10ಕ್ಕೆ ಫಲಿತಾಂಶ, 22ರಿಂದ ಏರಿಕೆ. ಹದಿನಾರು ದಿನಗಳಲ್ಲಿ ಹತ್ತು ರೂಪಾಯಿ. 2024ರಲ್ಲೂ ಮಾರ್ಚ್ 15ಕ್ಕೆ ಎರಡು ರೂಪಾಯಿ ಇಳಿಯಿತು, ಮರುದಿನವೇ ಚುನಾವಣೆ ಘೋಷಣೆಯಾಯಿತು. ಕೇಂದ್ರ ಕೊಟ್ಟದ್ದು ಎರಡು, ರಾಜ್ಯ ಕಸಿದದ್ದು ಮೂರು. ಒಕ್ಕೂಟ ವ್ಯವಸ್ಥೆ ಎಂದರೆ ಇದೇ ಇರಬೇಕು.

2020ರ ಏಪ್ರಿಲ್ ನೆನಪಿದೆಯೇ? ಅಮೆರಿಕದಲ್ಲಿ ಒಂದು ದಿನ ಕಚ್ಚಾ ತೈಲದ ಬೆಲೆ ಸೊನ್ನೆಗಿಂತ ಕೆಳಗೆ ಹೋಯಿತು, ಮೈನಸ್ 37 ಡಾಲರ್. ಒಯ್ಯುವವರಿಗೇ ಹಣ ಕೊಡುವ ಸ್ಥಿತಿ. ಮೇ ಮೊದಲ ವಾರ ಕೇಂದ್ರ ಏನು ಮಾಡಿತು? ಸುಂಕವನ್ನು ಪೆಟ್ರೋಲಿಗೆ ಹತ್ತು, ಡೀಸೆಲ್ಲಿಗೆ ಹದಿಮೂರು ರೂಪಾಯಿ ಏರಿಸಿತು. ಜನ ಗಂಟುಮೂಟೆ ಹೊತ್ತು ಹೆದ್ದಾರಿಯಲ್ಲಿ ನಡೆದು ಊರಿಗೆ ಹೋಗುತ್ತಿದ್ದ ತಿಂಗಳು ಅದು. ಇದಕ್ಕೆ ತಮಾಷೆ ಮಾಡಲು ನನಗೆ ಬರುವುದಿಲ್ಲ. ತೈಲ ಏರಿದಾಗ ಜಾಗತಿಕ ಮಾರುಕಟ್ಟೆ, ಇಳಿದಾಗ ಬೊಕ್ಕಸ. ಹೊಲ ಉಳಲು ಡೀಸೆಲ್ ಹಾಕಿಸುವವನಿಗೆ, ದಿನವಿಡೀ ಆಟೊ ಓಡಿಸುವವನಿಗೆ ಎರಡು ದಿಕ್ಕಿನಿಂದಲೂ ಏಟು. ಸುಸ್ತಾಗಿದೆ.

ಅದೇ ಅಗ್ಗದ ದಿನಗಳಲ್ಲಿ ಒಂದು ಒಳ್ಳೆಯ ಕೆಲಸವೂ ನಡೆಯಿತು ಎನ್ನಬೇಕು. ಉಡುಪಿ ಜಿಲ್ಲೆಯ ಪಾದೂರಿನಲ್ಲಿ, ಮಂಗಳೂರಿನಲ್ಲಿ ಬಂಡೆ ಕೊರೆದು ಮಾಡಿದ ಗವಿಗಳಿವೆ, ವಿಶಾಖಪಟ್ಟಣದಲ್ಲೂ ಇದೆ. ಅವುಗಳಿಗೆ ಆಗ ಎಣ್ಣೆ ತುಂಬಿಸಿಕೊಂಡರು. ಮೂರೂ ಸೇರಿದರೆ 53 ಲಕ್ಷ ಟನ್. ಕೇಳಲು ಸಮುದ್ರದಷ್ಟು, ದೇಶಕ್ಕೆ ಸಾಲುವುದು ಒಂಬತ್ತೂವರೆ ದಿನಕ್ಕೆ. ನಾವು ಸುಡುವ ಕಚ್ಚಾ ತೈಲದಲ್ಲಿ ಶೇ 85ಕ್ಕೂ ಹೆಚ್ಚು ಹಡಗಿನಲ್ಲೇ ಬರಬೇಕು. ಇದರ ಬಗ್ಗೆ ಯಾವ ಪಕ್ಷವೂ ಧರಣಿ ಕೂರುವುದಿಲ್ಲ. ಗವಿಯ ಎದುರು ಫೋಟೊ ಚೆನ್ನಾಗಿ ಬರುವುದಿಲ್ಲವಲ್ಲ.

ಫೋಟೊಗೆ ಬೇಕಾದದ್ದು ಎತ್ತಿನ ಗಾಡಿ. 1973ರಲ್ಲಿ ವಾಜಪೇಯಿಯವರು ಅದರಲ್ಲೇ ಸಂಸತ್ತಿಗೆ ಬಂದು ಪರಂಪರೆಗೆ ನಾಂದಿ ಹಾಡಿದರು. 2021ರಲ್ಲಿ ಪೆಟ್ರೋಲ್ ಶತಕ ಬಾರಿಸಿದಾಗ ಕಾಂಗ್ರೆಸ್ಸಿಗರು ಬಂಕುಗಳ ಮುಂದೆ ‘ಹಂಡ್ರೆಡ್ ನಾಟ್ ಔಟ್’ ಎಂದು ಕೂಗಿದರು. 2024ರಲ್ಲಿ ರಾಜ್ಯದ ಗದ್ದುಗೆಯಲ್ಲಿ ಕೂತು ಮತ್ತೆ ನೂರು ದಾಟಿಸಿದವರು ಅವರೇ. ಬೀದಿಗಿಳಿದು ಕೂಗುವ ಸರದಿ ಬಿಜೆಪಿಯದಾಯಿತು.

ಪರಿಹಾರ ಸುಲಭವಿದೆ. ಚುನಾವಣೆ ಇರುವಷ್ಟು ದಿನ ಬೆಲೆ ಏರುವುದಿಲ್ಲ ಎಂದ ಮೇಲೆ ಒಂದಾದ ಮೇಲೊಂದು ಚುನಾವಣೆ ನಡೆಸುತ್ತಲೇ ಇರಬೇಕು. ಆಗ ಬೆಂಗಳೂರಿನ ಪಾಲಿಕೆಯಾಗಿದ್ದ ಬಿಬಿಎಂಪಿಯದು 2020ರಿಂದ, ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳದ್ದು 2021ರಿಂದ ಬಾಕಿ ಬಿದ್ದಿದ್ದವು. ಈ ಪುಣ್ಯಾತ್ಮರು ಆಗ ಅದನ್ನೂ ನಡೆಸಲಿಲ್ಲ.