ನೇರಳಾತೀತ ಟಾರ್ಚ್‌ಗೆ ಹೊಳೆಯದ ಪತ್ರವೆಲ್ಲ ಅಸಲಿಯಲ್ಲ

‘ನ್ಯೂರೆಂಬರ್ಗ್ ಜೈಲಿನಿಂದ ನಾಜಿ ನಾಯಕ ಗೋರಿಂಗ್ 1946ರಲ್ಲಿ ಬರೆದ ಕಾಗದ ನೇರಳಾತೀತ ಬೆಳಕಿಗೆ ಹೊಳೆಯದಿದ್ದರೆ ಅಸಲಿ’ ಎಂಬ ಮಾತು ಸಂಗ್ರಾಹಕರಲ್ಲಿ ಹರಿದಾಡುತ್ತಿದೆ. ಇದು ಅರ್ಧಸತ್ಯ.

ಕತ್ತಲೆ ಕೋಣೆಯಲ್ಲಿ 365 ನ್ಯಾನೋಮೀಟರ್ ಟಾರ್ಚ್ ಹಿಡಿಯಿರಿ. ಕಾಗದ ಪ್ರಖರ ನೀಲಿ-ಬಿಳಿಯಾಗಿ ಹೊಳೆದರೆ ಅದರಲ್ಲಿ ಎರಡನೇ ಮಹಾಯುದ್ಧಾನಂತರ ಬಳಕೆಗೆ ಬಂದ, ಕಾಗದ ಬೆಳ್ಳಗೆ ಕಾಣಲು ಸೇರಿಸುವ ಬಿಳುಪುಕಾರಕವಿದೆ. 1946ರ ಪತ್ರವೆಂದರೆ ನಂಬಬೇಡಿ. 1983ರಲ್ಲಿ ಹಿಟ್ಲರನ ನಕಲಿ ಡೈರಿಗಳು ಸಿಕ್ಕಿಬಿದ್ದದ್ದೂ ಇಂಥ ಪರೀಕ್ಷೆಯಲ್ಲೇ.

ಹೊಳೆಯದಿದ್ದರೆ? ಏನೂ ಸಾಬೀತಾಗದು. ಹಳೆಯ ಪುಸ್ತಕಗಳ ಖಾಲಿ ಹಾಳೆ ಹರಿದು ಬರೆಯುವುದು ನಕಲಿಗಾರರ ಮಾಮೂಲಿ ಕಸುಬು. ಶಾಯಿ ಹಳೆಯ ಮಡಿಕೆಯ ಬಿರುಕಿನೊಳಗೆ ಹರಡಿದೆಯೇ ಎಂದು ಭೂತಗನ್ನಡಿಯಲ್ಲಿ ನೋಡಿ. ಹರಡಿದ್ದರೆ ಮಡಿಕೆ ಮೊದಲು, ಬರಹ ಆಮೇಲೆ; ಅಂದರೆ ಅನುಮಾನಿಸಿ.

ಹೊಳೆದದ್ದನ್ನೆಲ್ಲ ನಕಲಿ ಎನ್ನುವ ಉಲ್ಟಾ ತಪ್ಪೂ ಆಗುತ್ತದೆ. ಹಿಟ್ಲರನ ಸಹಚರ ರುಡಾಲ್ಫ್ ಹೆಸ್ 1987ರವರೆಗೂ ಬರ್ಲಿನ್ನಿನ ಸ್ಪಾಂಡೌ ಜೈಲಿನಲ್ಲಿದ್ದ. ಅವನ ಕೊನೆಯ ದಶಕಗಳ ಪತ್ರ ಹೊಳೆದರೆ ಅದರಲ್ಲಿ ವಿಶೇಷವೇನಿಲ್ಲ.